ಕೈ ಬಿಟ್ಟರೆ ಮುಚ್ಚಿಕೊಳ್ಳುವ ವಾಲ್ವು

“ಬಾಗಿಲಲ್ಲೇ ನಿಂತುಬಿಟ್ರೆ ಎಣಿಸೋದು ಯಾರು?” ಅತ್ತೆ ಒಳಗಿನಿಂದ ಕೂಗಿದರು.

ಪುಟ್ಟಿ ಹೊಸ್ತಿಲು ದಾಟಲಿಲ್ಲ. ಹೊರಗೆ ಹತ್ತು ಗಂಟೆಯ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಒಳಗೆ ಆರು ದೀಪಗಳು ಉರಿಯುತ್ತಿದ್ದವು. ಆದರೂ ಅವಳು ಬಾಗಿಲ ಚೌಕಟ್ಟನ್ನು ಬಿಡಲಿಲ್ಲ. ಹತ್ತೊಂಬತ್ತು ದಿನಗಳ ಹಿಂದೆ ಇದೇ ಕೋಣೆಯ ನೆಲದ ಮೇಲೆ, ಎರಡನೇ ಕಂಪ್ರೆಸರಿನ ಪಕ್ಕದಲ್ಲಿ, ಎಲ್ಲರೂ ‘ಫಿಟ್ಟರ್ ತಾತ’ ಎನ್ನುತ್ತಿದ್ದ ಹಿರಿಯರು ಅಮೋನಿಯಾ ಗ್ಯಾಸಿಗೆ ಉಸಿರುಕಟ್ಟಿ ಸತ್ತಿದ್ದರು. ಎಣ್ಣೆ ಇಳಿಸುವ ವಾಲ್ವನ್ನು ಮುಚ್ಚಲು ಮರೆತರು ಎಂದು ಮ್ಯಾನೇಜರ್ ವರದಿ ಬರೆದು ಕೈ ತೊಳೆದುಕೊಂಡಿದ್ದರು.

ನಲವತ್ತು ವರ್ಷ ಒಂದು ನಟ್ಟನ್ನೂ ಮರೆಯದ ಮನುಷ್ಯ ಅದೊಂದು ದಿನ ಮರೆತರು ಎಂಬುದನ್ನು ಪುಟ್ಟಿಯ ಮನಸ್ಸು ಒಪ್ಪಿರಲಿಲ್ಲ. ಅದಕ್ಕೇ ಅವಳು ಅತ್ತೆಯನ್ನು ಕರೆಸಿದ್ದು.

ಅದು ನಾಲ್ಕು ಅಂತಸ್ತಿನ ಶೈತ್ಯಾಗಾರ. ಹಣ್ಣು, ಮೀನು, ಔಷಧಿ ಎಲ್ಲವೂ ಅಲ್ಲಿ ತಣ್ಣಗೆ ಮಲಗಿರುತ್ತಿದ್ದವು. ಅದನ್ನೆಲ್ಲ ತಣ್ಣಗಿಡುವ ಮೂರು ಕಂಪ್ರೆಸರುಗಳು ನೆಲಮಾಳಿಗೆಗೂ ಅಂಗಳಕ್ಕೂ ನಡುವಿನ ಈ ಒಂದೇ ಕೋಣೆಯಲ್ಲಿ ಗುಡುಗುಡು ಎನ್ನುತ್ತಿದ್ದವು. ಯಂತ್ರಗಳ ನಿರ್ವಹಣೆಯ ಎಂಜಿನಿಯರ್ ಪುಟ್ಟಿ. ವಯಸ್ಸು ಮೂವತ್ತೊಂದು. ಕೆಲಸಗಾರರಿಗೆ ಅವಳು ‘ಮೇಡಂ’. ಪುಟ್ಟಿ ಎನ್ನುವವರು ಮನೆಯವರು ಮಾತ್ರ.

ಅತ್ತೆ ಅವಳ ಅಪ್ಪನ ತಂಗಿ. ಇಪ್ಪತ್ತಾರು ವರ್ಷ ವಿಮಾ ಕಂಪನಿಯಲ್ಲಿದ್ದು, ಒಡೆದ ಬಾಯ್ಲರು, ಕಳಚಿದ ಲಿಫ್ಟು, ಸುಟ್ಟ ಮೋಟಾರುಗಳ ಮುಂದೆ ಕೂತು ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಹುಡುಕಿದವರು. ನಿವೃತ್ತಿಯಾದ ಮೇಲೆ ಅದೇ ಕೆಲಸವನ್ನು ಕರೆದವರ ಮನೆಗೆ ಹೋಗಿ ಮಾಡುತ್ತಿದ್ದರು. ಇಲ್ಲಿ ಮಾತ್ರ ಅವರು ಪತ್ತೇದಾರಿಣಿ ಅಲ್ಲ. ‘ಹೊಸ ನಿರ್ವಹಣಾ ಕಾರ್ಯಕ್ರಮಕ್ಕೆ ಗುರಿಗಳನ್ನು ಬರೆದುಕೊಡಲು ಬಂದಿರುವ, ಮೇಡಂ ಅವರ ಅತ್ತೆ’ ಎಂದೇ ಮ್ಯಾನೇಜರಿಗೆ ಹೇಳಲಾಗಿತ್ತು. ಯಂತ್ರ ಎಣಿಸುತ್ತೇವೆ ಎಂದರೆ ಯಾವ ಬಾಗಿಲನ್ನೂ ಯಾರೂ ಮುಚ್ಚುವುದಿಲ್ಲ ಎಂಬುದು ಅತ್ತೆಯ ಲೆಕ್ಕಾಚಾರ.

ಪುಟ್ಟಿ ತನ್ನ ಹೆಸರಿನ ಬಿಲ್ಲೆಯನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದಳು. ಒಳಗೆ ಹೋಗುವವರೆಲ್ಲ ಹಾಗೆ ಮಾಡಬೇಕು. ಒಳಗೆ ಯಾರಿದ್ದಾರೆ ಎಂದು ಹೊರಗಿನವರಿಗೆ ತಿಳಿಯಬೇಕು. ಅತ್ತೆಯ ಬಿಲ್ಲೆ ಆಗಲೇ ಅಲ್ಲಿತ್ತು.

ಮೊಳೆಗಿಂತ ಮೇಲೆ, ಗೋಡೆಯಲ್ಲಿ ದೊಡ್ಡ ಹಸಿರು ಫಲಕ. ‘ಯಂತ್ರ ನಿಲ್ಲದೆ ನಡೆದ ದಿನಗಳು: 431’.

“ಇದನ್ನ ನೋಡಿದಾಗೆಲ್ಲ ಕಿತ್ತು ಬಿಸಾಕೋಣ ಅನ್ಸುತ್ತೆ ಅತ್ತೆ,” ಎಂದಳು ಪುಟ್ಟಿ, ಒಳಗೆ ಬರುತ್ತಾ. “ತಾತ ಸತ್ತ ದಿನ 412 ಅಂತ ಇತ್ತು. ಮಾರನೇ ದಿನ ಬೆಳಿಗ್ಗೆ ಬಂದು ನೋಡ್ತೀನಿ, 413. ಮನುಷ್ಯ ನಿಂತುಹೋದ, ಯಂತ್ರ ನಿಲ್ಲಲಿಲ್ಲ.”

ಅತ್ತೆ ಎರಡನೇ ಕಂಪ್ರೆಸರಿನ ಬುಡದಲ್ಲಿ ಮೊಣಕಾಲೂರಿ ಕೂತಿದ್ದರು. ಅಲ್ಲಿ ಕೊಡದ ಗಾತ್ರದ ಒಂದು ಕಬ್ಬಿಣದ ತೊಟ್ಟಿ. ಗ್ಯಾಸಿನ ಜೊತೆ ಹರಿದುಬರುವ ಎಣ್ಣೆ ಅದರ ತಳದಲ್ಲಿ ಸೇರುತ್ತದೆ. ಸೋಮವಾರಕ್ಕೊಮ್ಮೆ ಅದನ್ನು ಕೆಳಗಿನ ವಾಲ್ವಿನಿಂದ ಇಳಿಸಬೇಕು. ಎಣ್ಣೆ ಮುಗಿದ ಕೂಡಲೇ ಹಿಂದೆಯೇ ಗ್ಯಾಸು ನುಗ್ಗುತ್ತದೆ. ಆಗ ವಾಲ್ವು ತೆರೆದಿದ್ದರೆ ಕೋಣೆಯಲ್ಲಿರುವವರು ಮೂರು ಉಸಿರೂ ಎಳೆಯಲಾರರು.

“ಇಲ್ಲಿ ನೋಡು,” ಅತ್ತೆ ಟಾರ್ಚು ಬಿಟ್ಟರು. “ಒಂದನೇ ತೊಟ್ಟಿ, ಮೂರನೇ ತೊಟ್ಟಿ, ಎರಡರ ವಾಲ್ವಿನ ಮೇಲೂ ವರ್ಷಗಟ್ಟಲೆ ಬಣ್ಣ ಮೆತ್ತಿದೆ. ಎರಡನೇದು ಮಾತ್ರ ಈಗ ತಾನೇ ಅಂಗಡಿಯಿಂದ ಬಂದ ಹಾಗಿದೆ. ಇದನ್ನ ಯಾವಾಗ ಹಾಕಿದ್ರು?”

“ಬದಲಾಯಿಸಿದ್ದು ದಾಖಲೆ ಪುಸ್ತಕದಲ್ಲಿ ಇಲ್ಲ. ಮೊದಲಿಂದ ಇರೋದೇ ಅಂತ ಇದೆ.”

“ಪುಸ್ತಕ ಹೇಳೋದೊಂದು, ಕಬ್ಬಿಣ ಹೇಳೋದೊಂದು,” ಎಂದು ಅತ್ತೆ ತಮ್ಮ ನೋಟುಬುಕ್ಕಿನಲ್ಲಿ ಗೀಚಿಕೊಂಡರು.

ಆಗಲೇ ಸದ್ದು ಬದಲಾಯಿತು.

ಕಂಪ್ರೆಸರುಗಳು ಗುಡುಗುತ್ತಲೇ ಇದ್ದವು. ಆದರೆ ಅವುಗಳ ಮೇಲೆ ಸದಾ ಕೇಳುತ್ತಿದ್ದ ಇನ್ನೊಂದು ಸದ್ದು ನಿಧಾನವಾಗಿ ಇಳಿಯಿತು, ನಿಂತಿತು. ಪುಟ್ಟಿ ತಲೆಯೆತ್ತಿದಳು. ಗೋಡೆಯ ಮೇಲಿನ ಎರಡೂ ಗಾಳಿಯಂತ್ರಗಳ ರೆಕ್ಕೆಗಳು ನಿಂತಿದ್ದವು. ಬಾಗಿಲು ದಢಾರನೆ ಮುಚ್ಚಿಕೊಂಡಿತು.

ಮೂಗಿನ ತುದಿಗೆ ಸೂಜಿ ಚುಚ್ಚಿದಂಥ ವಾಸನೆ. ಹಳೆಯ ಯಂತ್ರಗಳ ಸಂದಿಯಿಂದ ಸ್ವಲ್ಪ ಗ್ಯಾಸು ಯಾವಾಗಲೂ ಸೋರುತ್ತಿತ್ತು. ಗಾಳಿಯಂತ್ರಗಳು ಅದನ್ನು ಹೊರಗೆಳೆಯುತ್ತಿದ್ದವು, ಅಷ್ಟೇ.

“ಮಾಸ್ಕು!” ಎಂದು ಪುಟ್ಟಿ ಓಡಿದಳು. ಗೋಡೆಯಲ್ಲಿ ಆರು ಕೊಕ್ಕೆ, ಆರು ಮುಖವಾಡ. ಅತ್ತೆಯ ಕೈಗೆ ಒಂದನ್ನು ತುರುಕಿ, ತನ್ನ ಹೆಸರಿದ್ದ ನಾಲ್ಕನೆಯದನ್ನು ಮುಖಕ್ಕೆ ಒತ್ತಿ, ಪಟ್ಟಿ ಎಳೆದು, ಜೋರಾಗಿ ಉಸಿರೆಳೆದಳು.

ಎದೆಯೊಳಗೆ ಬೆಂಕಿ ಇಳಿದಂತಾಯಿತು. ವಾಸನೆ ಕಡಿಮೆಯಾಗಲಿಲ್ಲ. ಮುಖವಾಡದ ಕೆಳಗೆ ಕೈಯಾಡಿಸಿದಳು. ಗ್ಯಾಸನ್ನು ಸೋಸುವ ಡಬ್ಬಿ ಇರಬೇಕಾದ ಜಾಗದಲ್ಲಿ ಬೆರಳು ನೇರ ಒಳಗೆ ಹೋಗಿ ಅವಳದೇ ತುಟಿಗೆ ತಾಗಿತು.

ಡಬ್ಬಿಯೇ ಇರಲಿಲ್ಲ.

ಅತ್ತೆ ಅವಳ ತೋಳು ಹಿಡಿದು ಬಾಗಿಲ ಕಡೆಗೆ ಎಳೆದರು. ಹಿಡಿ ತಿರುಗಲಿಲ್ಲ. ಅತ್ತೆ ಭುಜ ಕೊಟ್ಟು ಗುದ್ದಿದರು. ಒಮ್ಮೆ. ಇನ್ನೊಮ್ಮೆ. ಆಮೇಲೆ ಬಾಗಿಲು ಹೊರಗಿನಿಂದ ತೆರೆದುಕೊಂಡಿತು. ಇಬ್ಬರೂ ಬಿಸಿಲಿಗೆ ಹೋಗಿ ಬಿದ್ದರು.

ಎದುರಿಗೆ ಎಲೆಕ್ಟ್ರಿಷಿಯನ್. ಬಾಯಿ ಮುಚ್ಚದೆ ಮಾತಾಡುವುದಕ್ಕೆ ಎಲ್ಲರೂ ಅವನನ್ನು ‘ವಟವಟ’ ಎನ್ನುತ್ತಿದ್ದರು. ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು.

“ಅಯ್ಯೋ ಮೇಡಂ, ಒಳಗಿದ್ರಾ? ಗಾಳಿಯಂತ್ರದ ಫ್ಯೂಸು ನೋಡೋಣ ಅಂತ ತೆಗೆದೆ, ಮ್ಯಾನೇಜರ್ ಸಾಹೇಬ್ರು ಈಗ್ಲೇ ನೋಡು ಅಂದ್ರು, ಈ ಬಾಗಿಲ ಹಿಡಿ ಬೇರೆ ವಾರದಿಂದ ಸಿಕ್ಕಾಕೊಳ್ತಿದೆ, ನಾನು ಹೇಳ್ತಾನೇ ಇದ್ದೀನಿ, ಕೇಳೋರು ಯಾರು…”

“ಬಿಲ್ಲೆ ನೋಡಲಿಲ್ವಾ?” ಪುಟ್ಟಿಯ ಧ್ವನಿ ಕೀರಲಾಗಿತ್ತು. “ಎರಡು ಬಿಲ್ಲೆ ತೂಗ್ತಿದೆ ಅಲ್ಲಿ!”

ವಟವಟ ಮೊಳೆಯ ಕಡೆ ನೋಡಿದ. ಅವನು ಬಾಯಿ ಮುಚ್ಚಿದ್ದನ್ನು ಅವಳು ಅಂದು ಮೊದಲ ಬಾರಿಗೆ ಕಂಡಳು.

ಮೊಳೆ ಖಾಲಿಯಾಗಿತ್ತು. ಎರಡೂ ಬಿಲ್ಲೆಗಳು ಕೆಳಗೆ, ಗೋಡೆಯ ಬುಡದ ಕಸದ ಡಬ್ಬಿಯಲ್ಲಿ ಬಿದ್ದಿದ್ದವು.

*

ಪುಟ್ಟಿಯ ಕಚೇರಿಗೆ ಗಾಜಿನ ಬಾಗಿಲು. ಅತ್ತೆ ಅದಕ್ಕೆ ಒಳಗಿನಿಂದ ಚಿಲಕ ಹಾಕಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟರು. ಪುಟ್ಟಿ ಬಟ್ಟಲನ್ನು ಹಿಂದಕ್ಕೆ ತಳ್ಳಿದಳು; ಅರ್ಧ ಕಾಫಿ ಮೇಜಿಗೆ ಚೆಲ್ಲಿತು.

“ನಾನು ಮನೆಗೆ ಹೋಗ್ತೀನಿ ಅತ್ತೆ. ಕೆಲಸಾನೂ ಬೇಡ, ಏನೂ ಬೇಡ.”

“ಹೋಗು. ಆಟೋ ನಾನೇ ತರಿಸ್ತೀನಿ,” ಅತ್ತೆ ಬಟ್ಟೆಯಿಂದ ಮೇಜು ಒರೆಸಿದರು. “ಆದರೆ ಸೋಮವಾರ ಆ ತೊಟ್ಟಿ ಹತ್ರ ಇನ್ನೊಬ್ಬರು ಕೂರ್ತಾರೆ ಎಣ್ಣೆ ಇಳಿಸೋಕೆ. ಅವರಿಗೂ ಒಂದು ಮಾತು ಹೇಳಿ ಹೋಗು.”

ಪುಟ್ಟಿ ಕಣ್ಣು ಒರೆಸಿಕೊಂಡಳು. ಹೋಗಲಿಲ್ಲ.

ಅತ್ತೆ ಚೀಲದಿಂದ ಐದು ಹಾಳೆ ತೆಗೆದು ಹರಡಿದರು. ಮೊನ್ನೆ ಅವರು ಕಟ್ಟಡದಲ್ಲಿದ್ದವರಿಗೆಲ್ಲ ಒಂದೊಂದು ಖಾಲಿ ಹಾಳೆ ಹಂಚಿದ್ದರು: ‘ನಮ್ಮ ಕಾರ್ಯಕ್ರಮದ ಮೊದಲ ಗುರಿ ಏನಿರಬೇಕು? ಒಂದೇ ವಾಕ್ಯ. ಹೆಸರು ಬೇಡ.’ ಹಾಳೆಗಳನ್ನು ಒಂದು ಪೆಟ್ಟಿಗೆಗೆ ಹಾಕಿ ಎಂದಿದ್ದರು. ಬಿದ್ದದ್ದು ಐದೇ.

“ಹೆಸರು ಬೇಡ ಅಂದ್ರೂ ಮ್ಯಾನೇಜರ್ ಸಹಿ ಹಾಕಿ ಕೊಟ್ಟಿದ್ದಾರೆ,” ಅತ್ತೆ ಮೊದಲನೆಯದನ್ನು ಓದಿದರು. “‘ಯಂತ್ರ ನಿಲ್ಲದೆ ಐನೂರು ದಿನ ನಡೆಯಬೇಕು.’ ಸ್ಪಷ್ಟವಾದ ಗುರಿ. ಅಳೆಯೋಕೆ ಆಗುತ್ತೆ, ಗಡುವೂ ಇದೆ. ಇಷ್ಟು ಸ್ಪಷ್ಟವಾಗಿ ತಪ್ಪಾಗಿರೋ ಗುರೀನ ನಾನು ನೋಡೇ ಇರ್ಲಿಲ್ಲ.”

“ತಪ್ಪು ಹೇಗೆ?”

“ಎಣ್ಣೆ ಇಳಿಸುವಾಗ ಯಂತ್ರ ನಿಲ್ಲಿಸಬೇಕು ಅನ್ನೋದು ನಿಯಮ ತಾನೇ? ಈ ಫಲಕ ಬಂದ ಮೇಲೆ ಒಂದು ಸೋಮವಾರವಾದರೂ ನಿಲ್ಲಿಸಿದ್ದಾರಾ?”

ಪುಟ್ಟಿ ತಲೆಯಾಡಿಸಿದಳು. ಇಲ್ಲ. ನಿಲ್ಲಿಸಿದರೆ ಸಂಖ್ಯೆ ಸೊನ್ನೆಗೆ ಇಳಿಯುತ್ತಿತ್ತು. ಓಡುವ ಯಂತ್ರದಿಂದಲೇ ಎಣ್ಣೆ ಇಳಿಸಿ ಎಂದು ಮ್ಯಾನೇಜರ್ ಬಾಯಿಮಾತಿನಲ್ಲಿ ಹೇಳಿದ್ದರು. ಅವಳು ಎರಡು ಸಲ ಬೇಡ ಎಂದಿದ್ದಳು. ಮೂರನೇ ಸಲ ಸುಮ್ಮನಾಗಿದ್ದಳು.

“‘ಎಲ್ಲರೂ ಒಗ್ಗಟ್ಟಿನಿಂದ, ಹುಮ್ಮಸ್ಸಿನಿಂದ ದುಡಿಯಬೇಕು,’” ಅತ್ತೆ ಎರಡನೆಯದನ್ನು ಓದಿದರು. “ಅಕ್ಷರ ವಟವಟನದು. ಗುರಿ ಅಲ್ಲ, ಶುಭಾಶಯ ಪತ್ರ. ಮೂರನೇದು ಕಂಪ್ರೆಸರ್ ನಡೆಸೋ ಆಪರೇಟರಿಂದು. ‘ಪ್ರತಿ ಯಂತ್ರಕ್ಕೂ ಒಂದು ಸಂಖ್ಯೆ, ಕೊನೆಗೆ ಬಿಚ್ಚಿ ನೋಡಿದ ತಾರೀಖು, ನೋಡಿದವರ ಹೆಸರು, ಮೂರು ತಿಂಗಳೊಳಗೆ.’ ಭೇಷ್. ಯಾರೋ ಹೊರಗಿನವರು ಬಂದು ನೋಡಿದ್ರೂ ಆಗಿದೆಯೋ ಇಲ್ಲವೋ ಹೇಳಬಹುದು. ಗುರಿ ಅಂದ್ರೆ ಅದು.”

ನಾಲ್ಕನೆಯ ಹಾಳೆ ಪುಟ್ಟಿಯದೇ. ‘ಇನ್ನು ಮುಂದೆ ಇಲ್ಲಿ ಯಾರೂ ಸಾಯಬಾರದು.’

ಅತ್ತೆ ಅದನ್ನು ಜೋರಾಗಿ ಓದಲಿಲ್ಲ. ಅವಳ ತಲೆ ಸವರಿದರು. “ನೀನು ಇಲ್ಲಿ ಅತ್ತಿದ್ದೀಯ ಪುಟ್ಟಿ. ಅಳೋದಲ್ಲ, ಅಳೆಯೋದು ಕಲೀಬೇಕು.”

ಆಮೇಲೆ ಐದನೆಯ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದಿಟ್ಟರು.

ಎಡಗೈಯಲ್ಲಿ ಬರೆದಂತಹ ಸೊಟ್ಟ ಅಕ್ಷರ. ‘ಎಣ್ಣೆ ತೊಟ್ಟಿ ೨ಕ್ಕೆ ಕೈ ಬಿಟ್ಟರೆ ತಾನೇ ಮುಚ್ಚಿಕೊಳ್ಳುವ ವಾಲ್ವನ್ನು ಮತ್ತೆ ಹಾಕಬೇಕು, ಬರುವ ಸೋಮವಾರದ ಒಳಗೆ.’

ಪುಟ್ಟಿ ಎರಡು ಸಲ ಓದಿದಳು. “ಒಳ್ಳೇ ಮಾತೇ. ಸ್ಪ್ರಿಂಗ್ ಇರೋ ವಾಲ್ವು. ಕೈಯಲ್ಲಿ ಒತ್ತಿ ಹಿಡಿದಿದ್ರೆ ಮಾತ್ರ ತೆರೆದಿರುತ್ತೆ. ಬಿಟ್ರೆ ಮುಚ್ಚಿಕೊಳ್ಳುತ್ತೆ.”

“ನಡುವೆ ಒಂದು ಪದ ಇದೆ ನೋಡು.”

ಅವಳ ಬೆರಳು ಸಾಲಿನ ಮೇಲೆ ಸರಿದು ಒಂದು ಕಡೆ ನಿಂತಿತು. “ಮತ್ತೆ.”

“ಮತ್ತೆ,” ಎಂದರು ಅತ್ತೆ. “ಮೊದಲು ಇತ್ತು ಅಂತಾಯ್ತಲ್ಲ. ನಿನ್ನ ಪುಸ್ತಕದಲ್ಲಿ ಇಲ್ಲ, ನಿನಗೂ ಗೊತ್ತಿಲ್ಲ. ನಿನ್ನೆ ಸಂಜೆ ಫಿಟ್ಟರ್ ಹೆಂಡತಿ ನಂಗೆ ಅವರ ಜೇಬಿನ ಡೈರಿ ಕೊಟ್ರು. ಎಂಟು ತಿಂಗಳ ಹಿಂದೆ ಬರೆದುಕೊಂಡಿದ್ದಾರೆ: ‘ಎರಡನೇ ತೊಟ್ಟಿಗೆ ನಾನೇ ಸ್ಪ್ರಿಂಗ್ ವಾಲ್ವು ಮಾಡಿ ಹಾಕಿದೆ. ಯಂತ್ರ ನಿಲ್ಲಿಸದಿದ್ರೂ ಇನ್ನು ಭಯ ಇಲ್ಲ.’ ಕೈ ಬಿಟ್ಟರೆ ಮುಚ್ಚಿಕೊಳ್ಳೋ ವಾಲ್ವನ್ನ ಮುಚ್ಚೋಕೆ ಯಾರು ಮರೀತಾರೆ ಪುಟ್ಟಿ? ಮರೆಯೋಕೇ ಆಗಲ್ಲ. ಯಾರೋ ಅದನ್ನ ತೆಗೆಸಿದ್ದಾರೆ. ಇದನ್ನ ಬರೆದವರಿಗೆ ಅದು ಗೊತ್ತು.”

“ಅಕ್ಷರ ಬದಲಾಯಿಸಿದ್ದಾರಲ್ಲ. ಯಾರು ಅಂತ ಹೇಗೆ…”

ಮಾತು ಅಲ್ಲೇ ನಿಂತಿತು. ಅವಳ ಕಣ್ಣು ಸೊಟ್ಟ ಅಕ್ಷರಗಳ ನಡುವಿನ ಒಂದು ಅಂಕಿಯ ಮೇಲೆ ಕೂತಿತ್ತು. ಫಲಕದಲ್ಲಿ, ದಾಖಲೆ ಪುಸ್ತಕದಲ್ಲಿ ಎಲ್ಲರೂ ಬರೆಯುವುದು ಇಂಗ್ಲಿಷ್ ಅಂಕಿ. ಇಲ್ಲಿ ಮಾತ್ರ ಕನ್ನಡದ್ದು. ೨.

ಇಡೀ ಕಟ್ಟಡದಲ್ಲಿ ಕನ್ನಡ ಅಂಕಿ ಬರೆಯುವವರು ಒಬ್ಬರೇ. ಸಾಲು ಸಾಲು ಕಪಾಟುಗಳ ಮೇಲೆ, ಒಂದೊಂದು ಡಬ್ಬಿಯ ಮೇಲೆ, ಇಪ್ಪತ್ತು ವರ್ಷಗಳಿಂದ.

“ಸ್ಟೋರ್ ಕೀಪರ್,” ಎಂದಳು ಪುಟ್ಟಿ.

*

ಸ್ಟೋರು ಕಟ್ಟಡದ ಹಿಂದೆ ಇತ್ತು. ಉದ್ದನೆಯ ಕೋಣೆ, ಒಂದೇ ಕಿಟಕಿ. ನಟ್ಟು, ಬೋಲ್ಟು, ಬೆಲ್ಟು, ಬೇರಿಂಗುಗಳ ನಡುವೆ ಒಬ್ಬರು ನಡೆಯುವಷ್ಟೇ ಜಾಗ. ಸ್ಟೋರ್ ಕೀಪರ್ ಐವತ್ತು ದಾಟಿದವರು, ಕತ್ತಿನ ತನಕ ಗುಂಡಿ ಹಾಕಿಕೊಳ್ಳುವವರು, ಕೇಳಿದ್ದಕ್ಕಷ್ಟೇ ಉತ್ತರ ಕೊಡುವವರು. ಇಬ್ಬರನ್ನೂ ಕಂಡು ಎದ್ದು ನಿಂತರು.

ಅತ್ತೆ ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತರು. ಪುಟ್ಟಿಗೆ ಅದು ಧೈರ್ಯ ತರಲಿಲ್ಲ. ಮುಚ್ಚಿದ ಬಾಗಿಲು ಯಾವುದಾದರೂ ಇವತ್ತು ಅವಳಿಗೆ ಭಯವೇ.

“ಎರಡನೇ ತೊಟ್ಟಿಯ ಸ್ಪ್ರಿಂಗ್ ವಾಲ್ವು ಎಲ್ಲಿದೆ?” ಎಂದರು ಅತ್ತೆ.

“ಅಂಥದ್ದು ನಮ್ಮ ಸ್ಟಾಕಿನಲ್ಲಿ ಇಲ್ಲ ಅಮ್ಮ.”

“ಸ್ಟಾಕು ಕೇಳಲಿಲ್ಲ. ಎಲ್ಲಿದೆ ಅಂದೆ.”

“ನಂಗೆ ಗೊತ್ತಿಲ್ಲ.”

“ಗೊತ್ತಿಲ್ಲದೇನೇ ‘ಮತ್ತೆ ಹಾಕಬೇಕು’ ಅಂತ ಬರೆದ್ರಾ?” ಅತ್ತೆ ಹಾಳೆ ಮೇಜಿನ ಮೇಲಿಟ್ಟರು. “ಅಕ್ಷರ ಎಡಗೈಲಿ ಬರೆದ್ರಿ. ಅಂಕಿ ಮಾತ್ರ ಅಭ್ಯಾಸಬಲ.”

ಅವರ ಮುಖ ಸುಣ್ಣದಂತಾಯಿತು. ಕಪಾಟಿನ ಚೀಟಿಗಳನ್ನು ನೋಡಿದರು, ಹಾಳೆಯನ್ನು ನೋಡಿದರು. ಆಮೇಲೆ ಥಟ್ಟನೆ ಬಾಗಿ ಮೇಜಿನ ಕೆಳಗೆ ಕೈ ಹಾಕಿದರು.

ಪುಟ್ಟಿ ಚೀರಿದಳು.

“ಕೈ ಮೇಲೆ ತನ್ನಿ!” ಅತ್ತೆ ಗದರಿದರು. ಅವರ ದನಿಯಲ್ಲೂ ನಡುಕ ಇತ್ತು. ಅತ್ತೆಯ ದನಿ ನಡುಗಿದ್ದು ಪುಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ತಂದಿತು.

ಮೇಲೆ ಬಂದ ಕೈಯಲ್ಲಿ ಇದ್ದದ್ದು ಹಳೆಯ ಟವೆಲಿನಲ್ಲಿ ಸುತ್ತಿದ ಗಂಟು. ಸ್ಟೋರ್ ಕೀಪರ್ ಅದನ್ನು ಬಿಚ್ಚಿದರು. ಕೈಯಿಂದಲೇ ಅರ ಹಾಕಿ ನಯ ಮಾಡಿದ ಒಂದು ಉಕ್ಕಿನ ವಾಲ್ವು, ಮೇಲೆ ಬಲವಾದ ಸ್ಪ್ರಿಂಗ್, ಹಿಡಿಗೆ ಸುತ್ತಿದ ಚರ್ಮದ ಪಟ್ಟಿ. ಫಿಟ್ಟರ್ ತಾತನ ಕೈಕೆಲಸ ಎಲ್ಲಿದ್ದರೂ ಪುಟ್ಟಿಗೆ ಗುರುತು ಸಿಗುತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸ್ಪ್ಯಾನರ್ ಹಿಡಿಯುವುದನ್ನು ಅವಳಿಗೆ ಕಲಿಸಿದ್ದು ಆ ಕೈಗಳೇ.

“ಎಸೆಯೋಕೆ ಮನಸ್ಸು ಬರಲಿಲ್ಲ ಅಮ್ಮ,” ಸ್ಟೋರ್ ಕೀಪರ್ ಕುಸಿದು ಕೂತರು. “ಹತ್ತೊಂಬತ್ತು ದಿನದಿಂದ ಇದನ್ನ ಕಾಲ ಹತ್ರ ಇಟ್ಕೊಂಡು ಕೂತಿದ್ದೀನಿ. ಊಟ ಸೇರಲ್ಲ. ನಾನು ಏನೂ ಮಾಡಲಿಲ್ಲ. ಅವರೇ ಬಿಚ್ಚಿ ತಂದುಕೊಟ್ರು.”

“ಯಾರು?”

“ಫಿಟ್ಟರೇ. ಸಾಯೋಕೆ ಎರಡು ದಿನ ಮುಂಚೆ. ಶನಿವಾರ. ಸಾದಾ ವಾಲ್ವು ತಗೊಂಡು ಹೋಗಿ ಅವರ ಕೈಯಾರೆ ಹಾಕಿ, ಇದನ್ನ ವಾಪಸ್ ತಂದುಕೊಟ್ರು.”

ಪುಟ್ಟಿಗೆ ಅರ್ಥವಾಗಲಿಲ್ಲ. “ತಾತ ಯಾಕೆ ತೆಗೀತಾರೆ? ಅವರೇ ಮಾಡಿದ್ದಲ್ವಾ?”

ಸ್ಟೋರ್ ಕೀಪರ್ ಅವಳತ್ತ ನೋಡಲಿಲ್ಲ.

“ಸ್ಪ್ರಿಂಗ್ ವಾಲ್ವು ಆದ್ರೆ ಒಬ್ಬ ಮನುಷ್ಯ ಮುಕ್ಕಾಲು ಗಂಟೆ ಅದನ್ನ ಒತ್ತಿ ಹಿಡ್ಕೊಂಡು ಕೂರಬೇಕು. ಸಾದಾದ್ದಾದ್ರೆ ತೆರೆದಿಟ್ಟು ಬೇರೆ ಕೆಲಸ ನೋಡ್ಕೋಬಹುದು. ಸಮಯ ಉಳಿಸೋಕೆ ಬದಲಾಯಿಸಿ ಅಂತ ಚೀಟಿ ಬಂತು.”

“ಈ ಮುಖವಾಡದ ಡಬ್ಬಿ?” ಅತ್ತೆ ಮಾತು ತಿರುಗಿಸಿದರು. “ನಾಲ್ಕನೇ ನಂಬರಿಂದು. ಅದೂ ನಿಮ್ಮ ಮೇಜಿನ ಕೆಳಗಿದೆಯಾ?”

“ಏನಾಯ್ತು ಅದಕ್ಕೆ?” ಅವರು ಗಾಬರಿಯಿಂದ ತಲೆಯೆತ್ತಿದರು. ಆ ಗಾಬರಿ ನಟನೆ ಎಂದು ಪುಟ್ಟಿಗೆ ಅನ್ನಿಸಲಿಲ್ಲ. “ನನ್ನ ಮಕ್ಕಳಾಣೆ ಅಮ್ಮ, ನಂಗೆ ಗೊತ್ತಿಲ್ಲ. ಮೇಡಂದು ತಾನೇ ಅದು?”

ಅತ್ತೆ ನೋಟುಬುಕ್ಕಿನಲ್ಲಿ ಒಂದು ಗೆರೆ ಎಳೆದರು. ಆಮೇಲೆ ಕೈ ಚಾಚಿದರು. “ಆ ಚೀಟಿ ತೋರಿಸಿ.”

“ಅದು ಬೇಡ ಅಮ್ಮ.”

“ಯಾಕೆ?”

“ಬೇಡ ಅಂದೆನಲ್ಲ. ಅದಕ್ಕೇ ಹೆಸರು ಹಾಕದೆ ಬರೆದೆ. ವಾಲ್ವು ಹೇಗೋ ವಾಪಸ್ ಹೋದ್ರೆ ಸಾಕು, ಇನ್ನೊಬ್ಬರು ಸಾಯದಿದ್ರೆ ಸಾಕು, ಯಾರ ಹೆಸರೂ ಎತ್ತೋದು ಬೇಡ ಅಂದ್ಕೊಂಡೆ.”

“ಹೆಸರು ಎತ್ತೋ ಕಾಲ ಬಂತು. ತೋರಿಸಿ.”

ಅವರು ಎದ್ದು, ಕಪಾಟಿನ ಹಿಂದಿನಿಂದ ಒಂದು ಕಡತ ತೆಗೆದು, ನಡುವೆ ಮಡಿಸಿಟ್ಟಿದ್ದ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿದರು. ಕಂಪ್ಯೂಟರಿನಲ್ಲಿ ಅಚ್ಚಾದ ಚೀಟಿ. ‘ಎಣ್ಣೆ ತೊಟ್ಟಿ 2. ಸ್ಪ್ರಿಂಗ್ ವಾಲ್ವು ತೆಗೆದು ಸಾದಾ ವಾಲ್ವು ಹಾಕುವುದು. ಕಾರಣ: ಸಮಯ ಉಳಿತಾಯ.’ ಪಡೆದವರ ಜಾಗದಲ್ಲಿ ಫಿಟ್ಟರ್ ತಾತನ ಗುಂಡಗಿನ ಸಹಿ.

ಆದೇಶ ಕೊಟ್ಟವರ ಜಾಗದಲ್ಲಿ ನೀಲಿ ಶಾಯಿಯ ಇನ್ನೊಂದು ಸಹಿ. ಕೊನೆಯ ಅಕ್ಷರದ ಬಾಲ ಮೇಲಕ್ಕೆ ತಿರುಗಿತ್ತು.

ಪುಟ್ಟಿ ಕಪಾಟು ಹಿಡಿದುಕೊಂಡಳು.

“ಇದು… ನನ್ನ ಸಹಿ.”

“ನಕಲಾ?” ಎಂದರು ಅತ್ತೆ.

ನಕಲು ಎನ್ನಬೇಕೆಂದು ಬಾಯಿ ತೆರೆದಳು. ಆಗಲಿಲ್ಲ. ಅದೇ ಪೆನ್ನು, ಅದೇ ಅವಸರ. ಶನಿವಾರ ಬೆಳಿಗ್ಗೆ ನಲವತ್ತು, ಐವತ್ತು ಚೀಟಿಗಳ ಕಟ್ಟು ಅವಳ ಮೇಜಿಗೆ ಬರುತ್ತಿತ್ತು. ಗ್ರೀಸು, ಬಲ್ಬು, ಬೆಲ್ಟು. ಓದುತ್ತಾ ಕೂತರೆ ಮಧ್ಯಾಹ್ನವಾಗುತ್ತದೆ. ಅವಳು ಓದುತ್ತಿರಲಿಲ್ಲ.

“ನಾನು ಬರೆದಿದ್ದಲ್ಲ ಅತ್ತೆ. ಯಾರೋ ಕಟ್ಟಿನೊಳಗೆ ಸೇರಿಸಿದ್ದಾರೆ. ನನ್ನ ತಾಯಾಣೆ.”

“ಫಿಟ್ಟರಿಗೂ ಅನುಮಾನ ಬಂದಿತ್ತು ಮೇಡಂ,” ಸ್ಟೋರ್ ಕೀಪರ್ ಮೆಲ್ಲಗೆ ಹೇಳಿದರು. “ಇದನ್ನ ಓದಿ ಇಲ್ಲೇ ನಿಂತುಬಿಟ್ರು. ‘ಕೇಳ್ಕೊಂಡು ಬರ್ತೀನಿ ಇರು’ ಅಂತ ಚೀಟಿ ಹಿಡ್ಕೊಂಡು ನಿಮ್ಮ ಕೋಣೆಗೆ ಬಂದಿದ್ರು. ನೀವು ಫೋನಲ್ಲಿ ಇದ್ರಂತೆ. ಗಾಜಿನ ಬಾಗಿಲಾಚೆಯಿಂದ ಚೀಟಿ ತೋರಿಸಿದ್ರಂತೆ. ನೀವು ಆಮೇಲೆ ಅಂತ ಕೈ ಬೀಸಿದ್ರಂತೆ. ಅರ್ಧ ಗಂಟೆ ಕಾದು ವಾಪಸ್ ಬಂದ್ರು. ‘ಮೇಡಂ ಬರೆದಿದ್ದಾರೆ ಅಂದ್ರೆ ಏನೋ ಯೋಚನೆ ಮಾಡೇ ಬರೆದಿರ್ತಾರೆ ಬಿಡು, ನಾನೇ ಕಲಿಸಿದ ಹುಡುಗಿ’ ಅಂದ್ರು. ಸಾದಾ ವಾಲ್ವು ತಗೊಂಡು ಹೋದ್ರು.”

ಪುಟ್ಟಿಗೆ ನೆನಪಾಯಿತು. ಗಾಜಿನಾಚೆ ನಿಂತಿದ್ದ ಬಿಳಿ ತಲೆ. ಮೇಲೆತ್ತಿದ ಕೈಯಲ್ಲಿ ಒಂದು ಕಾಗದ. ತಾನು ಬೀಸಿದ ಕೈ. ಎಲ್ಲವೂ ಇಷ್ಟು ದಿನ ಅವಳೊಳಗೇ ಇತ್ತು; ಅದರ ಅರ್ಥ ಮಾತ್ರ ಇವತ್ತು ಬಂದು ತಲುಪಿತ್ತು.

ಅವಳು ನೆಲದ ಮೇಲೆ ಕೂತುಬಿಟ್ಟಳು. ಅಳು ಬರಲಿಲ್ಲ.

“ಇನ್ನೊಂದು ವಿಷಯ ಅಮ್ಮ,” ಸ್ಟೋರ್ ಕೀಪರ್ ಕೈ ಹಿಸುಕಿಕೊಂಡರು. “ಇವತ್ತು ಬೆಳಿಗ್ಗೆ ಮ್ಯಾನೇಜರ್ ಸಾಹೇಬ್ರು ಬಂದು ಈ ಚೀಟಿಯ ಫೋಟೋ ತಗೊಂಡ್ರು. ಮಧ್ಯಾಹ್ನ ಪೊಲೀಸ್ನೋರಿಗೆ ಕೊಡ್ತಾರಂತೆ. ಹೊಸದಾಗಿ ವಿಚಾರಣೆ ಮಾಡಿಸ್ತಾರಂತೆ.”

ಕಿಟಕಿಯಾಚೆ ಊಟದ ಗಂಟೆ ಹೊಡೆಯಿತು. ಕೆಲಸಗಾರರು ನಗುತ್ತಾ ನಲ್ಲಿಯ ಕಡೆ ಹೋಗುವ ಸದ್ದು ಕೇಳಿತು.

“ನೀವು ಸ್ವಲ್ಪ ಹೊರಗಿರಿ,” ಎಂದರು ಅತ್ತೆ. ಸ್ಟೋರ್ ಕೀಪರ್ ಹೋದರು. ಬಾಗಿಲು ಮುಚ್ಚಿತು.

ಈಗ ಅತ್ತೆ ತನ್ನನ್ನು ಎಬ್ಬಿಸುತ್ತಾರೆ, ತಲೆ ಸವರುತ್ತಾರೆ, ಹೆದರಬೇಡ ಎನ್ನುತ್ತಾರೆ ಎಂದು ಪುಟ್ಟಿ ಕಾದಳು. ಅತ್ತೆ ಬರಲಿಲ್ಲ. ಅವರು ಮೇಜಿನಾಚೆ ಹೋಗಿ ಸ್ಟೋರ್ ಕೀಪರಿನ ಕುರ್ಚಿಯಲ್ಲಿ ಕೂತರು. ಚೀಟಿಯನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿದರು. ನೋಟುಬುಕ್ಕಿನ ಹೊಸ ಹಾಳೆ ತಿರುಗಿಸಿ, ಮೇಲೆ ತಾರೀಖು ಬರೆದರು.

“ಎದ್ದು ಕೂತ್ಕೊಳ್ಳಿ,” ಎಂದರು.

ಪುಟ್ಟಿ ತಲೆಯೆತ್ತಿದಳು. ಹುಟ್ಟಿದಾಗಿನಿಂದ ಅತ್ತೆ ಅವಳನ್ನು ನೀವು ಎಂದವರಲ್ಲ.

“ಅತ್ತೆ…”

“ಕೂತ್ಕೊಳ್ಳಿ ಮೇಡಂ. ಮಧ್ಯಾಹ್ನ ಪೊಲೀಸ್ನೋರು ಕೇಳೋದನ್ನೇ ನಾನು ಈಗ ಕೇಳ್ತೀನಿ. ನನಗೆ ಸುಳ್ಳು ಹೇಳಿದ್ರೆ ಅವರ ಮುಂದೆ ನಾನು ನಿಮ್ಮ ಪರ ನಿಲ್ಲೋಕಾಗಲ್ಲ.” ಕನ್ನಡಕದ ಹಿಂದೆ ಆ ಕಣ್ಣುಗಳು ಯಾರದೋ ಅಪರಿಚಿತರವು. “ಆ ಶನಿವಾರ, ಫಿಟ್ಟರ್ ಬಾಗಿಲಲ್ಲಿ ನಿಂತಿದ್ದಾಗ, ಅರ್ಧ ಗಂಟೆ ಫೋನಲ್ಲಿ ಮಾತಾಡ್ತಿದ್ರಿ. ಯಾರ ಜೊತೆ?”

ಪುಟ್ಟ ಪ್ರಶ್ನೆ. ಪುಟ್ಟಿ ಉತ್ತರಿಸಲು ಬಾಯಿ ತೆರೆದಳು. ಆ ಕ್ಷಣದಲ್ಲೇ ಉತ್ತರ ಏನೆಂಬುದು ಅವಳಿಗೂ ಹೊಸದಾಗಿ ಕಂಡಿತು. ಎರಡು ನಿಮಿಷಕ್ಕಿಂತ ಹೆಚ್ಚು ಎಂದೂ ಫೋನಲ್ಲಿ ಮಾತಾಡದ ಮನುಷ್ಯ. ಅಂದು ಹವಾಮಾನ, ಮಂಡಿನೋವು, ಹಳೆಯ ಕಥೆ ಎಂದು ಏನೇನೋ ಹೇಳಿ, ಅವಳು ‘ಇಡ್ತೀನಿ, ಯಾರೋ ಬಂದಿದ್ದಾರೆ’ ಎಂದರೂ ಇಡಗೊಡದೆ ಎಳೆದಿದ್ದ ಮಾತು.

“ಅದನ್ನ ಬರ್ಕೋಬೇಡಿ ಅತ್ತೆ,” ಎಂದಳು. “ದಮ್ಮಯ್ಯ.”

“ಯಾರ ಜೊತೆ?”

“ನಿಮ್ಮ ಅಣ್ಣನ ಜೊತೆ.”

ಅತ್ತೆಯ ಪೆನ್ನು ಹಾಳೆಯ ಮೇಲೆ ನಿಂತಿತು. ಶಾಯಿ ಒಂದು ಚುಕ್ಕೆಯಾಗಿ ಹರಡತೊಡಗಿತು.

“ನಿಮ್ಮಪ್ಪ ಮನೆಯಿಂದ ಫೋನ್ ಮಾಡಿದ್ದು ತಾನೇ?” ಅತ್ತೆ ಪೆನ್ನೆತ್ತದೆ ಕೇಳಿದರು. ಆ ದನಿ ‘ಹೌದು’ ಎಂಬ ಉತ್ತರವನ್ನು ಬೇಡುತ್ತಿತ್ತು.

ಪುಟ್ಟಿ ಇಲ್ಲವೆಂದು ತಲೆಯಾಡಿಸಿದಳು.

“ಇಲ್ಲಿಂದಲೇ ಅತ್ತೆ. ಕೆಳಗಡೆಯಿಂದ. ತಾತ ಬಾಗಿಲಲ್ಲಿ ಇದ್ದಷ್ಟು ಹೊತ್ತೂ ಅಪ್ಪ ಫೋನ್ ಇಡೋಕೆ ಬಿಡಲಿಲ್ಲ, ನಂಬರು ನಾನು ನೋಡಿದ್ದೆ. ಮ್ಯಾನೇಜರ್ ಕೋಣೆಯ ಫೋನಿನಿಂದ.”